ನನ್ನ ಇಬ್ಬರು ಮಕ್ಕಳು

ನಾನು ಕನ್ನಡದ ಅಧ್ಯಾಪಕ. ಆದರೂ ನಮ್ಮ ಬೀದಿಯಲ್ಲಿ ಯಾರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬೇಕಾದರೂ ನನ್ನ ಬಳಿಗೆ ಬರುವುದು ವಾಡಿಕೆ. ಎಂ. ಎ. ಮಾಡಿದವನಿಗೆ ಎಲ್ಲ ಭಾಷೆಗಳೂ ಒಂದೇ ಎಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ಕೆಡಿಸುವಷ್ಟು ಧೈರ್ಯ ನನಗೆ ಈವರೆಗೆ ಬಂದಿಲ್ಲ.

ಕಳೆದ ವರ್ಷ ಒಂದು ಸಂಜೆ ಪಕ್ಕದ ಮನೆಯ ವೃದ್ಧೆಯೊಬ್ಬರು ಬಂದರು. ಎಪ್ಪತ್ತು ದಾಟಿದವರು, ಯಜಮಾನರು ತೀರಿಕೊಂಡು ಬಹಳ ವರ್ಷಗಳಾಗಿವೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದು ಬರಬೇಕೆಂಬ ಆಸೆ ಅವರಿಗೆ. ವೀಸಾ ಅರ್ಜಿಯ ಜೊತೆಗೆ ಒಂದು ವಿವರಣೆಯ ಕಾಗದವಿದ್ದರೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ.

“ಮೇಷ್ಟ್ರೇ, ನೀವೇ ಬರೆದುಕೊಡಬೇಕು. ನನ್ನ ಇಬ್ಬರು ಮಕ್ಕಳು ಅಮೆರಿಕದಲ್ಲಿದ್ದಾರೆ, ಅವರನ್ನು ನೋಡಿಕೊಂಡು ಬರುತ್ತೇನೆ ಅಂತ ಬರೆಯಿರಿ” ಎಂದರು.

ಇದಕ್ಕಿಂತ ಸುಲಭವಾದ ವಾಕ್ಯ ಯಾವುದಿದೆ? ‘ಮೈ ಟೂ ಸನ್ಸ್ ಲಿವ್ ಇನ್ ಅಮೆರಿಕ’ ಎಂದು ಆರಂಭಿಸಿ ಅರ್ಧ ಪುಟ ಬರೆದು ಕೊಟ್ಟೆ. ಒಂದು ಕಾಗುಣಿತ ತಪ್ಪಿರಲಿಲ್ಲ, ಒಂದು ಕ್ರಿಯಾಪದ ಎಡವಿರಲಿಲ್ಲ. ಆಕೆ ನನ್ನನ್ನು ಹರಸಿ ಹೋದರು.

ಎರಡು ದಿನಗಳ ಮೇಲೆ ಅದೇ ಕಾಗದವನ್ನು ಹಿಡಿದುಕೊಂಡು ಆಕೆಯ ಮಗ ಬಂದರು. ಇದೇ ಊರಿನಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿರುವವರು. ತಾಯಿಯನ್ನು ಜೊತೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವವರು. ಆಕೆಯ ಔಷಧಿ, ಆಕೆಯ ಏಕಾದಶಿ, ಆಕೆಯ ಕನ್ನಡಕ, ಎಲ್ಲವೂ ಅವರ ಪಾಲಿನದು. ಅರ್ಜಿ ತುಂಬಿಕೊಡುವ ಕಚೇರಿಯ ಹುಡುಗಿ ಕಾಗದ ಓದಿ, “ಅರ್ಜಿಯಲ್ಲಿ ಗಂಡುಮಕ್ಕಳು ಮೂವರು ಎಂದಿದೆ, ಕಾಗದದಲ್ಲಿ ಇಬ್ಬರೇ ಇದ್ದಾರೆ. ಯಾವುದು ಸರಿ?” ಎಂದು ಕೇಳಿದಳಂತೆ. ಹೋದವರು ಮರಳಿ ಬರುತ್ತಾರೆಯೇ, ಅವರನ್ನು ಊರಿಗೆ ಕರೆಯುವ ನಂಟು ಯಾವುದಿದೆ ಎಂಬುದನ್ನೇ ಅಲ್ಲವೇ ವೀಸಾ ಕೊಡುವವರು ಮುಖ್ಯವಾಗಿ ನೋಡುವುದು? ಆ ನಂಟನ್ನೇ ನಾನು ಒರಸಿ ಹಾಕಿದ್ದೆ.

“ಸಾರ್, ನಿಮ್ಮ ಕಾಗದದ ಪ್ರಕಾರ ನಾನು ನಮ್ಮ ತಾಯಿಗೆ ಹುಟ್ಟಿಯೇ ಇಲ್ಲ” ಎಂದು ಅವರು ನಕ್ಕರು. ನಾನೂ ನಕ್ಕೆ. ಆದರೆ ಆ ನಗೆ ಅವರ ಕಣ್ಣಿನವರೆಗೆ ಹೋಗಲಿಲ್ಲವೆಂಬುದನ್ನು ನೋಡಿ ನನ್ನದು ಅರ್ಧಕ್ಕೇ ನಿಂತಿತು.

ತಪ್ಪು ಎಲ್ಲಿ ಆಯಿತು? ತಾಯಿ ಹೇಳಿದ ಕನ್ನಡದಲ್ಲಿ ತಪ್ಪಿರಲಿಲ್ಲ. ‘ನನ್ನ ಇಬ್ಬರು ಮಕ್ಕಳು ಅಮೆರಿಕದಲ್ಲಿದ್ದಾರೆ’ ಎಂದರೆ ಇರುವವರು ಇಬ್ಬರೇ ಎಂದೂ ಆಗಬಹುದು, ಹಲವರಲ್ಲಿ ಇಬ್ಬರು ಎಂದೂ ಆಗಬಹುದು. ಕೇಳುವವರಿಗೆ ಮನೆಯ ಸಮಾಚಾರ ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ‘ಮಿಕ್ಕವರು?’ ಎಂದು ಕೇಳುತ್ತಾರೆ. ಇರುವವರೆಲ್ಲ ಇವರೇ ಎಂದು ಒತ್ತಿ ಹೇಳಬೇಕಾದರೆ ನಾವು ಒಂದು ದೀರ್ಘವನ್ನು ಎಳೆಯುತ್ತೇವೆ, ಅಷ್ಟೆ: ‘ನನ್ನ ಇಬ್ಬರೂ ಮಕ್ಕಳು’. ‘ಇಬ್ಬರು’, ‘ಇಬ್ಬರೂ’. ಇಡೀ ವ್ಯತ್ಯಾಸ ಆ ಕೊನೆಯ ಊಕಾರದಲ್ಲಿದೆ. ಅದು ಇಲ್ಲದಿದ್ದಾಗ ಬಾಗಿಲು ತೆರೆದೇ ಇರುತ್ತದೆ. ಮೂರನೆಯವನೊಬ್ಬನು ಒಳಗೆ ಬರುವುದಕ್ಕೆ ಅಡ್ಡಿಯಿಲ್ಲ.

ಇಂಗ್ಲಿಷಿನಲ್ಲಿ ಆ ಬಾಗಿಲನ್ನು ಮುಚ್ಚುವುದು ಕೊನೆಯ ಅಕ್ಷರವಲ್ಲ, ಮುಂದೆ ಕುಳಿತ ಮಾತು. ‘ಮೈ’ ಎಂಬ ಮಾತನ್ನು ‘ನನ್ನ’ ಎಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಆದರೆ ಅದರ ಹೊಟ್ಟೆಯೊಳಗೆ ‘ದಿ’ ಎಂಬ ಇನ್ನೊಂದು ಮಾತು ಅಡಗಿದೆ ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ‘ಮೈ ಟೂ ಸನ್ಸ್’ ಎಂದರೆ ‘ನನಗಿರುವ ಆ ಇಬ್ಬರು ಮಕ್ಕಳು’ ಎಂದೇ ಹೊರತು ಬೇರೆಯಲ್ಲ. ಸಂಖ್ಯೆಯ ಮುಂದೆ ‘ಮೈ’ ಬಂದು ಕುಳಿತೊಡನೆ ಲೆಕ್ಕ ಪೂರ್ಣವಾಗುತ್ತದೆ. ಲೆಕ್ಕವನ್ನು ತೆರೆದಿಡಬೇಕಾದರೆ ಸಂಖ್ಯೆಯನ್ನು ಮುಂದಕ್ಕೆ ತಂದು, ನಡುವೆ ‘ಆಫ್’ ಎಂಬ ಮೆಟ್ಟಲನ್ನು ಹಾಕಬೇಕು: ‘ಟೂ ಆಫ್ ಮೈ ಸನ್ಸ್’. ಮೆಟ್ಟಲಿಲ್ಲದೆ ‘ಟೂ ಮೈ ಸನ್ಸ್’ ಎಂದು ಇಂಗ್ಲಿಷಿನವರು ಹೇಳಲಾರರು. ಇಟಲಿಯವರು ಹೇಳಬಲ್ಲರು! ಅವರ ಭಾಷೆಯಲ್ಲಿ ‘ಎರಡು ನನ್ನ ಮಕ್ಕಳು’ ಎಂದರೆ ನನ್ನ ಮಕ್ಕಳಲ್ಲಿ ಇಬ್ಬರು. ಮುಂದೊಂದು ‘ದಿ’ಗೆ ಸಮಾನವಾದ ಮಾತನ್ನಿಟ್ಟು, ಅದರ ಹಿಂದೆ ‘ನನ್ನ’, ಅದರ ಹಿಂದೆ ‘ಎರಡು’ ಎಂದು ಜೋಡಿಸಿದರೆ ಇರುವವರೇ ಇಬ್ಬರು. ಸ್ಥಾನ ಬದಲಾದರೆ ಸಂಸಾರ ಬದಲಾಗುತ್ತದೆ.

ಅಂದು ರಾತ್ರಿ ನನಗೆ ಊಟ ರುಚಿಸಲಿಲ್ಲ. ನಮ್ಮ ಕಾಲೇಜಿನ ಗ್ರಂಥಾಲಯದಿಂದ ಮರುದಿನವೇ ಇಂಗ್ಲಿಷ್ ವ್ಯಾಕರಣದ ದೊಡ್ಡ ಪುಸ್ತಕಗಳನ್ನು ತಂದು ಕುಳಿತೆ. “ಪರೀಕ್ಷೆ ಯಾರಿಗೆ, ನಿಮಗೋ ಹುಡುಗರಿಗೋ?” ಎಂದು ನನ್ನ ಹೆಂಡತಿ ಕೇಳಿದಳು.

ರ್‍ಯಾಂಡಲ್ಫ್ ಕ್ವರ್ಕ್ ಮತ್ತು ಅವರ ಮೂವರು ಸಂಗಡಿಗರು ೧೯೮೫ರಲ್ಲಿ ಪ್ರಕಟಿಸಿದ ಬೃಹತ್ ವ್ಯಾಕರಣದಲ್ಲಿ ಈ ಮಾತುಗಳ ಸಾಲನ್ನು ಮೂರು ಮನೆಗಳಾಗಿ ವಿಂಗಡಿಸಿದ್ದಾರೆ. ನಾಮಪದದ ಮುಂದೆ ಸಾಲಾಗಿ ನಿಲ್ಲುವ ಈ ಪರಿವಾರದಲ್ಲಿ ನಡುಮನೆ ಬಹಳ ಇಕ್ಕಟ್ಟಿನದು: ಅಲ್ಲಿ ಒಬ್ಬರಿಗೆ ಮಾತ್ರ ಸ್ಥಳ. ‘ಎ’, ‘ದಿ’, ‘ದಿಸ್’, ‘ದೋಸ್’, ‘ಮೈ’, ‘ಯುವರ್’, ‘ಎವ್ರಿ’ ಮೊದಲಾದವು ಈ ಮನೆಯವು. ಒಂದು ಒಳಗಿದ್ದರೆ ಇನ್ನೊಂದು ಹೊರಗೇ. ಇದರ ಹಿಂದಿನ ಮನೆ, ಅಂದರೆ ನಾಮಪದಕ್ಕೆ ಹತ್ತಿರವಾದದ್ದು, ಸಂಖ್ಯೆಗಳದು: ‘ಫಸ್ಟ್’, ‘ಅದರ್’, ‘ಟೂ’, ‘ಮೆನಿ’, ‘ಫ್ಯೂ’. ಇಲ್ಲಿ ಇಬ್ಬರು ಮೂವರು ಒಟ್ಟಿಗೆ ಇರಬಹುದು. ಇನ್ನು ಎಲ್ಲಕ್ಕೂ ಮುಂದೆ ಜಗಲಿಯ ಮೇಲೆ ಕುಳಿತಿರುವವು ‘ಆಲ್’, ‘ಬೋತ್’, ‘ಹಾಫ್’, ‘ಟ್ವೈಸ್’, ‘ಸಚ್’ ಎಂಬ ಕೆಲವೇ ಹಿರಿಯರು. ‘ಆಲ್ ಮೈ ಅದರ್ ಬುಕ್ಸ್’ ಎಂದಾಗ ಮೂರೂ ಮನೆಗಳು ತುಂಬಿರುತ್ತವೆ.

ಈ ನಡುಮನೆಯ ಇಕ್ಕಟ್ಟನ್ನು ಅರಿತರೆ ನಮ್ಮ ಹುಡುಗರ ಅರ್ಧದಷ್ಟು ತಪ್ಪುಗಳು ಅರ್ಥವಾಗುತ್ತವೆ. ಕನ್ನಡದಲ್ಲಿ ‘ನನ್ನ ಆ ಎರಡು ಪುಸ್ತಕಗಳು’ ಎನ್ನುವುದಕ್ಕೆ ಯಾವ ತಡೆಯೂ ಇಲ್ಲ. ‘ನನ್ನ’ ಮತ್ತು ‘ಆ’ ಅಣ್ಣತಮ್ಮಂದಿರಂತೆ ಒಂದೇ ಚಾಪೆಯ ಮೇಲೆ ಕೂರುತ್ತವೆ. ಇಂಗ್ಲಿಷಿನಲ್ಲಿ ‘ಮೈ ದೋಸ್ ಟೂ ಬುಕ್ಸ್’ ಎಂದರೆ ಕೂಡಲೇ ಜಗಳ. ‘ನನ್ನ’ ಎಂಬುದನ್ನು ಹಿತ್ತಲಿಗೆ ಕಳುಹಿಸಿ, ‘ದೋಸ್ ಟೂ ಬುಕ್ಸ್ ಆಫ್ ಮೈನ್’ ಎನ್ನಬೇಕು. ಹಿಂದೆ ಹೀಗಿರಲಿಲ್ಲ. ೧೬೧೧ರ ಬೈಬಲ್ ಭಾಷಾಂತರದಲ್ಲಿ ‘ದಿಸ್’ ಮತ್ತು ‘ಮೈ’ ಜೊತೆಜೊತೆಯಾಗಿ ನಾಮಪದದ ಮುಂದೆ ನಿಂತಿರುವುದನ್ನು ಕಾಣಬಹುದು. ಆಮೇಲೆ ಮನೆ ಚಿಕ್ಕದಾಯಿತು.

‘ನನ್ನ ಒಬ್ಬ ಸ್ನೇಹಿತ’ ಎಂಬುದು ಇನ್ನೊಂದು ಬಲೆ. ಇದನ್ನು ‘ಮೈ ಒನ್ ಫ್ರೆಂಡ್’ ಎಂದು ಬರೆಯುವ ವಿದ್ಯಾರ್ಥಿ ತನಗೆ ಈ ಪ್ರಪಂಚದಲ್ಲಿ ಇರುವವನು ಅವನೊಬ್ಬನೇ ಎಂದು ಹೇಳಿದಂತಾಗುತ್ತದೆ. ಓದಿದವರಿಗೆ ಕರುಣೆ ಬರುತ್ತದೆ. ಕಾರಣ ಕುತೂಹಲಕರವಾದದ್ದು. ಇಂಗ್ಲಿಷಿನ ‘ಎ’, ‘ಆ್ಯನ್’ ಎಂಬ ಮಾತುಗಳೂ ‘ಒನ್’ ಎಂಬ ಮಾತೂ ಹುಟ್ಟಿದ್ದು ಒಂದೇ ಹಳೆಯ ಸಂಖ್ಯಾಪದದಿಂದ. ಅವುಗಳಲ್ಲಿ ‘ಒನ್’ ಸಂಖ್ಯೆಗಳ ಮನೆಯಲ್ಲೇ ಉಳಿಯಿತು. ‘ಎ’ ಮಾತ್ರ ಮೈ ಸವೆಸಿಕೊಂಡು ನಡುಮನೆಗೆ ನುಗ್ಗಿ ‘ದಿ’ಯ ಎದುರಾಳಿಯಾಯಿತು. ಆದ್ದರಿಂದ ‘ದಿ ಒನ್’ ಉಂಟು, ‘ದಿ ಎ’ ಇಲ್ಲ. ‘ಮೈ ಒನ್’ ಉಂಟು, ‘ಮೈ ಎ’ ಇಲ್ಲ. ನಮ್ಮ ‘ಒಂದು’, ‘ಒಬ್ಬ’ ಎಂಬವೂ ಅದೇ ಹಾದಿಯನ್ನು ಹಿಡಿದಿವೆ. ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ’ ಎಂದು ಅಜ್ಜಿ ಕಥೆ ಹೇಳುವಾಗ ಅವಳು ರಾಜರನ್ನು ಎಣಿಸುತ್ತಿಲ್ಲವಷ್ಟೆ. ಆದರೆ ನಮ್ಮ ‘ಒಂದು’ ಸಂಖ್ಯೆಯ ಮನೆಯನ್ನು ಬಿಟ್ಟು ಹೊರಟಿಲ್ಲ. ಆದ್ದರಿಂದಲೇ ‘ಆ ಒಂದು ದಿನ’, ‘ನನ್ನ ಒಬ್ಬ ಸ್ನೇಹಿತ’ ಎಂದು ನಾವು ನಿರಾಳವಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಎ ಫ್ರೆಂಡ್ ಆಫ್ ಮೈನ್’ ಎನ್ನಬೇಕು, ಇಲ್ಲವೇ ‘ಒನ್ ಆಫ್ ಮೈ ಫ್ರೆಂಡ್ಸ್’ ಎನ್ನಬೇಕು. ಈ ಎರಡನೆಯದನ್ನು ಬರೆಯುವಾಗ ಕೊನೆಯ ಬಹುವಚನವನ್ನು ನುಂಗಿಬಿಡುವವರು ‘ನನ್ನ ಸ್ನೇಹಿತರಲ್ಲಿ ಒಬ್ಬ’ ಎಂಬ ಅಚ್ಚಕನ್ನಡವನ್ನು ಮನಸ್ಸಿಗೆ ತಂದುಕೊಂಡರೆ ಸಾಕು, ಆ ತಪ್ಪಾಗುವುದಿಲ್ಲ.

ಜಗಲಿಯ ಹಿರಿಯರ ವಿಷಯಕ್ಕೆ ಬರೋಣ. ‘ನನ್ನ ಎಲ್ಲ ಪುಸ್ತಕಗಳು’ ಎನ್ನುವಾಗ ನಮ್ಮ ‘ಎಲ್ಲ’ ‘ನನ್ನ’ದ ಹಿಂದೆ ವಿನಯದಿಂದ ನಿಲ್ಲುತ್ತದೆ, ‘ಪುಸ್ತಕಗಳೆಲ್ಲ’ ಎಂದು ನಾಮಪದದ ಬಾಲವನ್ನೂ ಹಿಡಿಯುತ್ತದೆ. ಇಂಗ್ಲಿಷಿನ ‘ಆಲ್’ ಮಾತ್ರ ಮುಂದೆಯೇ ಇರಬೇಕು. ನಮ್ಮವರು ಬರೆಯುವ ‘ಮೈ ಆಲ್ ಬುಕ್ಸ್’, ‘ಮೈ ಬೋತ್ ಹ್ಯಾಂಡ್ಸ್’ ಮುಂತಾದವು ಕನ್ನಡದ ಸಾಲಿಗೆ ಇಂಗ್ಲಿಷ್ ಅಂಗಿ ತೊಡಿಸಿದ ರೂಪಗಳು. ಆದರೆ ‘ಆಲ್ ದಿ ತ್ರೀ’ ಎಂಬ ಪ್ರಯೋಗವನ್ನು ನಗುವುದಕ್ಕೆ ನಾನು ಸಿದ್ಧನಿಲ್ಲ. ಇಂಗ್ಲೆಂಡ್ ಅಮೆರಿಕಗಳಲ್ಲಿ ‘ಆಲ್ ತ್ರೀ’ ಎಂಬುದೇ ಹೆಚ್ಚು ರೂಢಿ. ನಮ್ಮ ದೇಶದಲ್ಲಿ ನಡುವೆ ‘ದಿ’ ಸೇರಿಸುವುದು ರೂಢಿ. ಮೂರು ಮನೆಗಳ ಕ್ರಮವನ್ನು ಅದು ಮುರಿಯುವುದಿಲ್ಲ. ರೂಢಿ ಬೇರೆಯಾದ ಮಾತ್ರಕ್ಕೆ ತಪ್ಪೆಂದು ಕೆಂಪು ಶಾಯಿ ಎಳೆಯುವವರು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಕೆಂಪು ಶಾಯಿಯ ಮಾತು ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ವೈಯಾಕರಣರು ‘ದಿ ಫಸ್ಟ್ ಟೂ’ ಸರಿಯೋ ‘ದಿ ಟೂ ಫಸ್ಟ್’ ಸರಿಯೋ ಎಂದು ಬಹಳ ಕಾದಾಡಿದರು. ಮೊದಲನೆಯದು ಎಂಬುದು ಒಂದೇ ಇರಲು ಸಾಧ್ಯ, ಎರಡು ಮೊದಲನೆಯವು ಎಲ್ಲಿಂದ ಬಂದವು ಎಂಬುದು ಒಂದು ಪಕ್ಷದ ವಾದ. ಆದರೆ ಹಳೆಯ ರೂಢಿ ‘ಟೂ ಫಸ್ಟ್’ ಎಂಬುದೇ. ಜೇನ್ ಆಸ್ಟೆನ್ ೧೮೧೩ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನು ಓದಿದವರು ಅದರ ಆರಂಭದ ಭಾಗದಲ್ಲಿ ಬೆನೆಟ್ ಗೃಹಿಣಿ ನೃತ್ಯಕೂಟದಿಂದ ಮರಳಿ ಬಂದು ಗಂಡನಿಗೆ ವರದಿ ಒಪ್ಪಿಸುವ ಸನ್ನಿವೇಶವನ್ನು ನೆನೆಯಬಹುದು. ಆ ಕಾಲದ ಕೂಟಗಳಲ್ಲಿ ಒಬ್ಬ ಜೊತೆಗಾತಿಯೊಡನೆ ಎರಡೆರಡು ನೃತ್ಯಗಳನ್ನು ಆಡುವುದು ಪದ್ಧತಿ. ಬಿಂಗ್ಲಿ ಎಂಬ ಶ್ರೀಮಂತ ತರುಣ ಯಾವ ಹುಡುಗಿಯೊಡನೆ ಎಷ್ಟನೆಯ ಜೊತೆ ನೃತ್ಯವನ್ನು ಆಡಿದನೆಂದು ಆಕೆ ಲೆಕ್ಕ ಹಾಕುತ್ತಾ ಹೋಗುತ್ತಾಳೆ. ‘ಟೂ ಥರ್ಡ್’, ‘ಟೂ ಫೋರ್ತ್’ ಎಂದು ಸಂಖ್ಯೆಯನ್ನೇ ಮುಂದಿಟ್ಟು ಎಣಿಸುತ್ತಾಳೆ. ಮದುವೆಗೆ ಬಂದ ಐವರು ಹೆಣ್ಣುಮಕ್ಕಳ ತಾಯಿಗೆ ವ್ಯಾಕರಣಕ್ಕಿಂತ ಆ ಲೆಕ್ಕ ಮುಖ್ಯ. ಗಂಡನಿಗೋ ಬೇಸರ. ಇಂದಿನ ಇಂಗ್ಲಿಷಿನಲ್ಲಿ ಆ ಕ್ರಮ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ.

ಈಗ ಈ ಎರಡು ಕ್ರಮಗಳು ಕೆಲಸವನ್ನು ಹಂಚಿಕೊಂಡಿವೆ. ‘ದಿ ಫಸ್ಟ್ ಟೂ ಪ್ರೈಜಸ್’ ಎಂದರೆ ಮೊದಲನೆಯ ಬಹುಮಾನ, ಎರಡನೆಯ ಬಹುಮಾನ. ‘ದಿ ಟೂ ಫಸ್ಟ್ ಪ್ರೈಜಸ್’ ಎಂದರೆ ಎರಡು ಪಂದ್ಯಗಳಲ್ಲಿ ಬಂದ ಎರಡು ಮೊದಲನೆಯ ಬಹುಮಾನಗಳು. ಇದನ್ನು ತಿಳಿಯಲು ನಮಗೆ ಯಾವ ಕಷ್ಟವೂ ಇಲ್ಲ. ಶಾಲೆಯ ವಾರ್ಷಿಕೋತ್ಸವದಿಂದ ಬಂದ ಹುಡುಗ ‘ಮೊದಲ ಎರಡು ಬಹುಮಾನ’ ಎಂದನೋ ‘ಎರಡು ಮೊದಲ ಬಹುಮಾನ’ ಎಂದನೋ ಎಂಬುದನ್ನು ಕನ್ನಡದ ತಾಯಿ ತಟ್ಟನೆ ಗುರುತಿಸುತ್ತಾಳೆ.

‘ಅದರ್’ ಎಂಬ ಮಾತಿನ ಓಡಾಟ ನನಗೆ ಎಲ್ಲಕ್ಕಿಂತ ಹೆಚ್ಚು ಮೋಜೆನಿಸಿತು. ನಾವು ‘ಇನ್ನೂ ಹತ್ತು ಜನ’, ‘ಬೇರೆ ಹತ್ತು ಜನ’, ‘ಉಳಿದ ಹತ್ತು ಜನ’ ಎಂದು ಮೂರು ಅರ್ಥಗಳಿಗೆ ಮೂರು ಮಾತುಗಳನ್ನು ಇಟ್ಟುಕೊಂಡಿದ್ದೇವೆ. ಇಂಗ್ಲಿಷಿನವರು ಒಂದೇ ಮಾತನ್ನು ಅಲ್ಲಿಂದಿಲ್ಲಿಗೆ ಎತ್ತಿಡುತ್ತಾರೆ. ಅದು ‘ಆ್ಯನ್’ ಜೊತೆ ಅಂಟಿಕೊಂಡು ಸಂಖ್ಯೆಯ ಮುಂದೆ ನಿಂತರೆ ‘ಅನದರ್ ಟೆನ್’, ಇನ್ನೂ ಹತ್ತು. ಸಂಖ್ಯೆಯ ಹಿಂದೆ ಸರಿದರೆ ‘ಟೆನ್ ಅದರ್’, ಬೇರೆ ಹತ್ತು. ‘ದಿ’ಯನ್ನು ಹೊತ್ತು ಮುಂದೆ ಬಂದರೆ ‘ದಿ ಅದರ್ ಟೆನ್’, ಉಳಿದ ಹತ್ತು. ಊಟದ ಪಂಕ್ತಿಯಲ್ಲಿ ಬಡಿಸುವವನಿಗೆ ಈ ಮೂರರ ವ್ಯತ್ಯಾಸ ತಿಳಿಯದಿದ್ದರೆ ಎಲೆಗಳ ಗತಿ ಏನಾದೀತು!

ನೂರು, ಸಾವಿರಗಳಿಗೆ ಇಂಗ್ಲಿಷಿನಲ್ಲಿ ಒಂದು ಬಿಂಕವಿದೆ, ಒಂಟಿಯಾಗಿ ಬರುವುದಿಲ್ಲ: ‘ಎ ಹಂಡ್ರೆಡ್’, ‘ಒನ್ ಹಂಡ್ರೆಡ್’, ‘ದಿ ಹಂಡ್ರೆಡ್’. ನಮ್ಮ ‘ನೂರು’ ಯಾರ ಆಸರೆಯೂ ಇಲ್ಲದೆ ನಿಲ್ಲುತ್ತದೆ. ಇತ್ತ ‘ಒಂದು ಹತ್ತು ಜನ ಬಂದಿದ್ದರು’ ಎಂದು ನಾವು ಅಂದಾಜಿಗೆ ಹೇಳುವ ಸೊಗಸನ್ನು ಇಂಗ್ಲಿಷಿಗೆ ಹಾಗೆಯೇ ಒಯ್ಯಲಾಗುವುದಿಲ್ಲ. ‘ಸಮ್ ಟೆನ್’ ಎನ್ನಬೇಕು. ಆದರೆ ನಡುವೆ ಒಂದು ಗುಣವಾಚಕವನ್ನು ಸಿಕ್ಕಿಸಿದರೆ ಅಲ್ಲಿಯೂ ‘ಎ’ ಬಂದುಬಿಡುತ್ತದೆ: ‘ಎ ಮಿಯರ್ ಟೆನ್ ರುಪೀಸ್’. ಬರೀ ಹತ್ತು ರೂಪಾಯಿ. ಹತ್ತರ ಮುಂದೆ ಒಂದು!

ಇಷ್ಟೆಲ್ಲ ವ್ಯತ್ಯಾಸಗಳನ್ನು ಹೇಳಿದ ಮೇಲೆ ಒಂದು ಸಾಮ್ಯವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ‘ಈ ಐದು ದೊಡ್ಡ ಮನೆಗಳು’, ‘ದೀಸ್ ಫೈವ್ ಬಿಗ್ ಹೌಸಸ್’: ತೋರಿಸುವ ಮಾತು, ಸಂಖ್ಯೆ, ಗುಣ, ಕೊನೆಗೆ ನಾಮಪದ. ಎರಡೂ ಭಾಷೆಗಳ ಸಾಲು ಒಂದೇ. ಕ್ರಿಯಾಪದವನ್ನು ಕೊನೆಗೆ ತಳ್ಳುವ ನಮಗೂ ನಡುವೆ ಇಡುವ ಅವರಿಗೂ ಬೇರೆಲ್ಲ ಕಡೆ ಜಗಳವಿದ್ದರೂ ಇಲ್ಲಿ ರಾಜಿ. ಇದು ಆಕಸ್ಮಿಕವಲ್ಲ. ಅಮೆರಿಕದ ವಿದ್ವಾಂಸ ಜೋಸೆಫ್ ಗ್ರೀನ್‌ಬರ್ಗ್ ಪ್ರಪಂಚದ ಬೇರೆ ಬೇರೆ ಮೂಲೆಗಳಿಂದ ೩೦ ಭಾಷೆಗಳನ್ನು ಆರಿಸಿಕೊಂಡು, ಅವುಗಳ ಪದಕ್ರಮವನ್ನು ಹೋಲಿಸಿ, ೧೯೬೩ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ೪೫ ಸಾಮಾನ್ಯ ನಿಯಮಗಳನ್ನು ಮಂಡಿಸಿದರು. ಅವುಗಳಲ್ಲಿ ಇಪ್ಪತ್ತನೆಯದು ಇದನ್ನು ಕುರಿತದ್ದೇ: ಈ ಮೂರು ಬಗೆಯ ಮಾತುಗಳು ನಾಮಪದದ ಮುಂದೆ ಬರುವುದಾದರೆ ತೋರಿಸುವ ಮಾತು, ಸಂಖ್ಯೆ, ಗುಣ ಎಂಬ ಕ್ರಮದಲ್ಲಿಯೇ ಬರುತ್ತವೆ, ಹಿಂದೆ ಬರುವುದಾದರೆ ಅದೇ ಕ್ರಮದಲ್ಲಿ, ಇಲ್ಲವೇ ಅದಕ್ಕೆ ತೀರ ವಿಲೋಮವಾಗಿ. ಆ ಮೂವತ್ತು ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್ ಇಲ್ಲ, ಕನ್ನಡ ಇದೆ! ಇದನ್ನು ಓದಿದಾಗ ನನಗಾದ ಸಂತೋಷವನ್ನು ಹೆಂಡತಿಯನ್ನು ಕರೆದು ಹೇಳಿದೆ. ಒಲೆಯ ಮೇಲೆ ಹಾಲಿಟ್ಟಿದ್ದ ಅವಳು “ಸಂತೋಷ” ಎಂದು ಹೇಳಿ ಒಳಗೆ ಹೋದಳು.

ಥಾಯ್ ಭಾಷೆಯಲ್ಲಿ ಈ ಸಾಲು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ: ಮನೆ, ದೊಡ್ಡ, ಐದು, ಈ. ಮಲಯ ಭಾಷೆಯಲ್ಲಿ ‘ಲಿಮಾ ರೂಮಾ ಬೆಸಾರ್ ಇನಿ’, ಅಂದರೆ ಐದು, ಮನೆ, ದೊಡ್ಡ, ಈ. ಎರಡರಲ್ಲಿಯೂ ಗುಣ ಮನೆಗೆ ಅಂಟಿಕೊಂಡಿದೆ, ‘ಈ’ ಎಲ್ಲಕ್ಕೂ ಹೊರಗಿದೆ, ಸಂಖ್ಯೆ ಅವೆರಡರ ನಡುವಿನ ಅಂತರದಲ್ಲಿದೆ. ಗಣಿತದ ಪ್ರಕಾರ ಈ ನಾಲ್ಕು ಮಾತುಗಳನ್ನು ೨೪ ಬಗೆಯಲ್ಲಿ ಜೋಡಿಸಬಹುದು. ಇಟಲಿಯ ಗುಲ್ಯೆಲ್ಮೊ ಚಿಂಕ್ವೆ ೨೦೦೫ರಲ್ಲಿ ಲೆಕ್ಕ ಹಾಕಿದಾಗ ಅವುಗಳಲ್ಲಿ ೧೪ ಬಗೆಗಳು ಮಾತ್ರ ಮನುಷ್ಯರ ಭಾಷೆಗಳಲ್ಲಿ ಸಿಕ್ಕಿದವು. ಉಳಿದ ಹತ್ತು, ‘ದಿ ಅದರ್ ಟೆನ್’, ಯಾವ ಭಾಷೆಯಲ್ಲಿಯೂ ಸಹಜ ಕ್ರಮವಾಗಿ ಕಾಣಲಿಲ್ಲ.

ಪಕ್ಕದ ಮನೆಯ ಕಾಗದಕ್ಕೆ ಮರಳುತ್ತೇನೆ. ಎರಡನೆಯ ಸಲ ನಾನು ಬಹು ಎಚ್ಚರದಿಂದ, ‘ಟೂ ಆಫ್ ಮೈ ಸನ್ಸ್’ ಅಮೆರಿಕದಲ್ಲಿದ್ದಾರೆ, ‘ದಿ ಥರ್ಡ್’ ನನ್ನ ಜೊತೆಯಲ್ಲಿದ್ದಾನೆ ಎಂದು ಬರೆದು ಕೊಂಡೊಯ್ದೆ. ಈ ಸಲ ಸಾಕ್ಷಾತ್ ಕ್ವರ್ಕರೇ ಬಂದರೂ ತಪ್ಪು ಹಿಡಿಯಲಾರರೆಂದು ನನ್ನ ಭಾವನೆ. ಅದನ್ನು ಕನ್ನಡದಲ್ಲಿ ಅವರ ತಾಯಿಗೆ ಓದಿ ಹೇಳಿದೆ.

“ಮೂರನೆಯವನು ಅಂತ ಬರೆದಿದ್ದೀರಾ?” ಎಂದು ಆಕೆ ಕೇಳಿದರು.

“ಹೌದಮ್ಮ.”

“ಇವನು ಮೂರನೆಯವನಲ್ಲವಲ್ಲ ಮೇಷ್ಟ್ರೇ. ಇವನು ನನ್ನ ಹಿರಿಯ ಮಗ. ಇವರ ತಂದೆ ಹೋದಾಗ ಇವನು ಕಾಲೇಜು ಬಿಟ್ಟು ಅಂಗಡಿಯಲ್ಲಿ ಕೂತ. ಆಮೇಲೆ ತಾನೇ ಆ ಇಬ್ಬರು ಓದಿದ್ದು.”

ಮಗ ಏನೂ ಹೇಳಲಿಲ್ಲ. ಕಿಟಕಿಯ ಕಡೆಗೆ ನೋಡುತ್ತಿದ್ದರು. ನಾನು ಅಲ್ಲಿಯೇ ಕುಳಿತು ಮೂರನೆಯ ಸಲ ಬರೆದೆ. ‘ಮೈ ಎಲ್ಡೆಸ್ಟ್ ಸನ್’ ಎಂದು ಮೊದಲ ವಾಕ್ಯವನ್ನು ಆರಂಭಿಸಿ, ಆತನ ಮನೆಯಲ್ಲಿ ನಾನಿದ್ದೇನೆ, ಆತನ ಬಳಿಗೇ ಮರಳಿ ಬರುತ್ತೇನೆ ಎಂದು ಮುಗಿಸಿ, ಆಮೇಲೆ ‘ಮೈ ಅದರ್ ಟೂ ಸನ್ಸ್’ ಎಂದು ಉಳಿದಿಬ್ಬರನ್ನು ಅಮೆರಿಕದಲ್ಲಿ ಕೂರಿಸಿದೆ. ಈಗ ಸಂಖ್ಯೆಯ ಮುಂದೆ ‘ಮೈ’ ಇದ್ದರೂ ಬಾಧಕವಿಲ್ಲ. ‘ಅದರ್’ ನಡುವೆ ನಿಂತು ಹಿರಿಯ ಮಗನನ್ನು ಕಾಯುತ್ತಿದೆ.

ತಾಯಿಗೆ ಇಂಗ್ಲಿಷ್ ಬಾರದು. ಕಾಗದವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಸಾಲುಗಳ ಮೇಲೆ ಒಮ್ಮೆ ಬೆರಳಾಡಿಸಿದರು.

“ಮೂವರೂ ಇದ್ದಾರಾ?”

“ಮೂವರೂ ಇದ್ದಾರೆ, ಅಮ್ಮಾ.”